ಹುಡಿಯ ಲೆಕ್ಕ

ಟೇಪು ಹಿಡಿದು ಇಪ್ಪತ್ತಾರು ವರ್ಷ.
ದಿಮ್ಮಿಯ ಸುತ್ತಳತೆ ಕಂಡರೆ ಸಾಕು, ಘನ ಅಡಿ ಬಾಯಿಗೆ ಬರುತ್ತದೆ,
ಮಗಳು ಹುಟ್ಟಿದ ತಾರೀಖು ಬರುವುದಿಲ್ಲ.

ಮೊದಲು ಅಂಕೋಲೆಯಲ್ಲಿ ಹನ್ನೊಂದು ಸಾಮಿಲ್ಲು.
ಯಲ್ಲಾಪುರದ ಡಿಪೋದಲ್ಲಿ ಹರಾಜಿನ ದಿನ
ಹನ್ನೊಂದು ಕೈ, ಹನ್ನೊಂದು ಬಗೆಯ ಕೆಮ್ಮು.
ಗೌಸ್ ಸಾಹೇಬರು ಟೋಪಿ ಸರಿಸಿದರೆ ನೂರು ಹೆಚ್ಚು,
ಪಟೇಲರು ಕಿವಿ ತುರಿಸಿದರೆ ಇನ್ನೂರು.
ಜಗಳ, ಚಾ, ಮತ್ತೆ ಜಗಳ,
ಸಂಜೆ ಎಲ್ಲರೂ ಒಂದೇ ಲಾರಿಯಲ್ಲಿ ಅರಬೈಲು ಘಟ್ಟ ಇಳಿಯುವುದು.

ಈಗ ಒಂದು ಕೈ.
ಅಧಿಕಾರಿ ‘ಒಂದು ಸಲ’ ಎನ್ನುತ್ತಾನೆ, ಕೆಮ್ಮುವವರಿಲ್ಲ,
‘ಎರಡು ಸಲ’ ಎನ್ನುವಾಗ ಪೆನ್ನಿಗೆ ಕ್ಯಾಪು ಹಾಕಿ ಆಗಿರುತ್ತದೆ.
ಆ ಕೈ ನಮ್ಮ ಕಂಪನಿಯದು.
ಎತ್ತುವವನು ನಾನೇ.

ಸುಳ್ಳು ಹೇಳಲಾರೆ, ಯಂತ್ರ ಚೆನ್ನಾಗಿದೆ.
ನೂರು ಅಡಿ ಸಾಗವಾನಿಯಲ್ಲಿ ಹಲಗೆಯಾಗುತ್ತಿದ್ದದ್ದು ಐವತ್ತು,
ಈಗ ಎಪ್ಪತ್ತು.
ಸುಬ್ರಾಯ ಮೇಸ್ತನಿಗೆ ಒಂದು ಕುರ್ಚಿಗೆ ನಾಲ್ಕು ದಿನ,
ಮೂರನೆಯ ದಿನ ಸಿಗಡಿ ಬಂತೆಂದು ಬಂದರಿಗೆ ಹೋಗಿಬಿಡುತ್ತಿದ್ದ.
ಯಂತ್ರಕ್ಕೆ ಸಿಗಡಿಯ ರುಚಿ ಗೊತ್ತಿಲ್ಲ.
ಹನ್ನೆರಡು ನಿಮಿಷ. ನಾಲ್ಕೂ ಕಾಲು ಸಮ.
ಮೇಸ್ತನ ಕುರ್ಚಿಗೆ ಒಂದು ಕಾಲು ಸದಾ
ಕೂಲಿ ಕೊಟ್ಟವರ ನೆಲ ನೋಡಿ ಗಿಡ್ಡ,
‘ನಿಮ್ಮ ಜಗಲಿ ವಾಲಿದ್ದು ಪಡುವಲಿಗೆ’ ಎಂದು
ಮೊದಲೇ ಬಂದು ಅಳೆದು ಹೋದವನು.
ಈಗ ಅವನೂ ನಮ್ಮಲ್ಲೇ, ಪ್ಯಾಕಿಂಗು.
ಮೂಲೆಗಳಿಗೆ ರಟ್ಟು ಹಚ್ಚುತ್ತಾನೆ. ಪಿ.ಎಫ್. ಉಂಟು.
ಸಂಬಳ ಮೊದಲಿಗಿಂತ ಹೆಚ್ಚೇ. ಅದನ್ನೂ ಬರೆಯಬೇಕು.

ನಾನು ಹೇಳಹೊರಟದ್ದು ಹುಡಿಯ ವಿಷಯ.

ಹನ್ನೊಂದು ಮಿಲ್ಲಿನ ಹಿಂದೆ ಹನ್ನೊಂದು ಗುಡ್ಡ, ಹಳದಿ.
ಬೇಕಾದವರು ತುಂಬಿಕೊಳ್ಳಬಹುದು.
ಕೇಣಿಯ ಹೆಂಗಸರು ಒಲೆಗೆ ಒಯ್ಯುವರು,
ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹುಡಿ ಗಿಡಿದು,
ಬಾಟಲಿ ತಿರುಗಿಸುತ್ತ ಮೆಲ್ಲನೆ ಎಳೆದರೆ
ಬೆಂಕಿಗೊಂದು ಗಂಟಲು.
ಮೋಹಿನಿ ಹರಿಕಂತ್ರಳ ಬುಟ್ಟಿಯಲ್ಲಿ ಹುಡಿ ಹೊದ್ದ ಐಸು
ಮಧ್ಯಾಹ್ನದವರೆಗೂ ಕರಗುತ್ತಿರಲಿಲ್ಲ.
ಅವಳ ಬಂಗಡೆಗೆ ಅಂಟಿದ ಸಾಗವಾನಿ ತೊಳೆದೇ
ನಮ್ಮ ಮನೆಯಲ್ಲಿ ಸಾರು.

ಈಗ ಹುಡಿ ನೆಲಕ್ಕೆ ಬೀಳುವುದಿಲ್ಲ.
ಕೊಳವೆ ಹೀರುತ್ತದೆ. ಅಂಟು ಬೆರೆಸಿ ಒತ್ತಿದರೆ ಹಲಗೆ,
ಹಲಗೆಗೆ ಸಾಗವಾನಿಯ ಚಿತ್ರ ಹಚ್ಚಿದರೆ ಕಪಾಟು.
ಹಾಳಾದದ್ದು ಎಂಬ ಕಲಮಿನಲ್ಲಿ
ತಿಂಗಳು ತಿಂಗಳು ಸೊನ್ನೆ ಬರೆಯುತ್ತೇನೆ,
ದುಂಡಗೆ, ಚಂದ ಮಾಡಿ.

ಮೊನ್ನೆ ಗೇಟಿನ ಹತ್ತಿರ ಮೋಹಿನಿ, ಕೈಯಲ್ಲಿ ಖಾಲಿ ಚೀಲ:
‘ಏನ್ರಾ, ಒಂದ್ ಚೀಲ ಹುಡಿ ಕೊಡೂಕಾಗದಷ್ಟು
ಬಡವ್ರಾದ್ರಾ ನೀವು?’
ವಾಚ್‌ಮನ್ ನಕ್ಕ.
ನಾನೂ ನಕ್ಕೆ ಅನಿಸುತ್ತದೆ.

ರಾತ್ರಿ ಪ್ಯಾಂಟಿನ ಮಡಿಕೆ ಬಿಡಿಸಿದರೆ
ಒಂದು ಚಿಟಿಕೆ. ಇನ್ನೂ ವಾಸನೆಯಿದೆ.
ಕೊಳವೆಯ ಬಾಯಿ ತಪ್ಪಿಸಿ ಗೇಟು ದಾಟಿ ಬಂದದ್ದು.
ಬಿಸಾಡಲಿಲ್ಲ. ಏನು ಮಾಡಬೇಕೆಂದೂ ತಿಳಿಯಲಿಲ್ಲ.
ಹಾಗೇ ಮತ್ತೆ ಮಡಚಿದೆ.