ಓದಿದ ಹೊತ್ತು

ಎಸ್.ಪಿ. ರೋಡಿನ ಮೂರನೇ ಮಹಡಿ. ಮೆಟ್ಟಿಲ ತುಂಬ
ಸತ್ತ ಕೀಬೋರ್ಡುಗಳು, ಮೇಲೆ ಯಾರದೋ ಟೀ ಲೋಟ.
ಮುನಿರತ್ನಮ್ಮ ಏದುಸಿರು ಬಿಡುತ್ತ ಹತ್ತಿ ಬಂದರು,
ಸೆರಗಲ್ಲಿ ಹಾರ್ಡ್ ಡಿಸ್ಕು, ಬಿಸಿ ಇಡ್ಲಿ ಕಟ್ಟಿಸಿಕೊಂಡ ಹಾಗೆ.

ಬಳೇಪೇಟೆಯಲ್ಲಿ ಅಣ್ಣ ಗೋವರ್ಧನನ ಪ್ರೆಸ್ಸು:
ಲಗ್ನಪತ್ರಿಕೆ, ನಾಮಕರಣ, ವೈಕುಂಠ ಸಮಾರಾಧನೆ.
"ಅಂಗಡಿ ಬಾಡಿಗೆ ಇಸ್ಯ, ಆರು ವರ್ಸ ಮಾತಿಲ್ಲ.
ದೀಪಾವಳೀಲಿ ಓಗಿದ್ದೆ. ಅವನಿರಲಿಲ್ಲ.
ಅವನ ಕಂಪ್ಯೂಟರಲ್ಲೇ, ನುಡೀಲಿ, ಒಂದು ಕಾಗದ ಕುಟ್ಟಿಟ್ಟು ಬಂದೆ.
ಆಸಾಡದಲ್ಲಿ ಓದ."
ಓದಿದರಲ್ಲ ಮತ್ತೆ, ಅಂದೆ.
ಇಲ್ಲಪ್ಪ, ಎಂದು ಆಕಾಶಕ್ಕೆ ಕೈ ತೋರಿದರು.
"ಓದಿದ್ನಾ ಇಲ್ವಾ, ಅಷ್ಟು ಏಳು ಸಾಕು."

ಪ್ರತಿ ಕಡತಕ್ಕೂ ಹೊತ್ತುಗಳು ಅಂಟಿರುತ್ತವೆ,
ಕೊನೆಗೆ ತೆರೆದದ್ದು, ಕೊನೆಗೆ ತಿದ್ದಿದ್ದು.
ಮೊದಲನೆಯದನ್ನು ನೋಡಿದರೆ ಮುಗಿಯಿತಲ್ಲ? ನೋಡಿದೆ.
ಮಂಗಳವಾರ, ನಾಲ್ಕು ಗಂಟೆ ಹತ್ತು ನಿಮಿಷ.
ಅದು ನಾನೇ.
ಡಿಸ್ಕು ಬದುಕಿತೋ ಎಂದು, ಬೆಣ್ಣೆ ಬನ್ ತಿನ್ನುತ್ತ,
ಎರಡು ಸಲ ಕ್ಲಿಕ್ಕಿಸಿದ್ದೆ.
"ಓದಲು ಮಾತ್ರ ಅಂತ ಜೋಡಿಸು, ಆಮೇಲೆ ಮುಟ್ಟು"
ಎಂದು ಷಫೀವುಲ್ಲಾ ಮೇಷ್ಟ್ರು ಬೈದು ಕಲಿಸಿದ್ದರು.
ಕಲಿತದ್ದೆಲ್ಲ ಬನ್ನಿನ ಜೊತೆ ಹೊಟ್ಟೆಗೆ.

ರಾತ್ರಿ ಅಂಗಡಿಯಲ್ಲೇ ಉಳಿದೆ.
ವ್ಯವಸ್ಥೆಗೆ ಒಂದು ಹಳೆಯ ಕರೆ ಇದೆ, ಯುಟೈಮ್ ಅಂತ.
ಕಡತದ ಹೆಸರು ಹೇಳಿ ಜೋಡಿ ಹೊತ್ತು ಕೊಟ್ಟರೆ
ಯಾಕೆ ಏನು ಕೇಳದೆ ಬರೆದುಕೊಳ್ಳುತ್ತದೆ.
ಜೋಡಿಯ ಜಾಗ ಖಾಲಿ ಬಿಟ್ಟರೆ 'ಈಗ' ಎಂದು ಒತ್ತುತ್ತದೆ.
ಸೊನ್ನೆ ಸೆಕೆಂಡು ಕೊಟ್ಟರೆ ಎಪ್ಪತ್ತನೇ ಇಸವಿ ಜನವರಿ ಒಂದು,
ನಮ್ಮೂರ ಗಡಿಯಾರದಲ್ಲಿ ಬೆಳಗಿನ ಐದೂವರೆ,
ಮಾರ್ಕೆಟ್ಟಿಗೆ ಹೂವಿನ ಮೂಟೆ ಇಳಿಯುವ ಹೊತ್ತು.

ಓದಿದ್ದಕ್ಕೆ ಜುಲೈಯ ಒಂದು ಸಂಜೆ ಆರಿಸಿದೆ. ಏಳೂಕಾಲು.
ಸಂಜೆ ಓದಿದರೆ ಮನಸ್ಸು ಕರಗುತ್ತದೆ, ಅನ್ನಿಸಿತು.
ತಿದ್ದಿದ್ದಕ್ಕೆ ದೀಪಾವಳಿ, ಆಯಮ್ಮನೇ ಹೇಳಿದ್ದರಲ್ಲ.
ಆ ಕರೆಗೆ ಎರಡೂ ಬೇಕು, ಒಂದು ಬಿಟ್ಟು ಒಂದಾಗದು.

ಮೂರನೆಯ ಹೊತ್ತೊಂದಿದೆ. ಅದಕ್ಕೆ ಕರೆ ಇಲ್ಲ.
ನಾನು ಸುಳ್ಳು ಬರೆದ ಗಳಿಗೆಯನ್ನು ಕರ್ನಲ್ಲು ತಾನೇ
ಸೆಕೆಂಡಿನ ಚೂರು ಸಮೇತ ಗುರುತು ಹಾಕಿಕೊಳ್ಳುತ್ತದೆ.
ಇರಲಿ. ಬಳೇಪೇಟೆಯಲ್ಲಿ ಅದನ್ನು ಯಾರು ನೋಡುತ್ತಾರೆ?

ಎಂಟರ್ ಒತ್ತಲಿಲ್ಲ. ಧೈರ್ಯವೋ ನಿದ್ದೆಯೋ ಗೊತ್ತಿಲ್ಲ.
ಬೆಳಗ್ಗೆ ಷಟರಿನ ಸದ್ದಿಗೆ ಎದ್ದರೆ ಎದುರಿಗೇ ಅವರು.
ಪರದೆಯ ಮೇಲೆ ಅವರ ಕಾಗದ.
'ಹಟ ಮಾಡಿದ್ದು ನಾನೇ, ಅಣ್ಣ' ಎಂಬಲ್ಲಿ ಬೆರಳಿಟ್ಟರು.

"ಇದು ನಾನು ಕುಟ್ಟಿದ್ದಲ್ಲ."
ನಿಮ್ಮದೇ ಕಣಮ್ಮ.
"ನಾನು ಬರೆಯೋದು ಅಟ. ಚಿಕ್ಕೋಳಿಂದ ಅಂಗೇ.
ಅದಕ್ಕೇ ಅವನು ತಲೆ ಮೇಲೆ ಮೊಟಕೋನು."

ಎರಡನೆಯ ಹೊತ್ತನ್ನು ಆಗ ನೋಡಿದೆ,
ನನ್ನ ದೀಪಾವಳಿಯಡಿ ಹೂತುಹೋಗಲಿದ್ದದ್ದನ್ನು:
ಜುಲೈ ಒಂಬತ್ತು, ರಾತ್ರಿ ಹನ್ನೊಂದು ನಲವತ್ತು.
ಮದುವೆಯಿಲ್ಲದ ತಿಂಗಳು, ಮಿಷನ್ನು ನಿಂತಿದ್ದ ರಾತ್ರಿ,
ಒಬ್ಬ ಕರಡು ತಿದ್ದುವವನು
ಒಂದೇ ಒಂದು ಅಕ್ಷರ ತಿದ್ದಿ, ಉಳಿಸಿ, ಮುಚ್ಚಿದ್ದ.
ಉತ್ತರ ಬರೆದಿರಲಿಲ್ಲ.

ಆಯಮ್ಮ ಅಳಲಿಲ್ಲ. "ಬಡ್ಡೀಮಗ," ಅಂದರು,
"ಕಾಗದದಲ್ಲೂ ತಪ್ಪು ಉಡುಕಿದ್ದಾನೆ."
ಆಮೇಲೆ ಬಹಳ ಹೊತ್ತು ಆ ಹಕಾರವನ್ನೇ ನೋಡುತ್ತ ಕೂತರು.

ಪೆನ್ ಡ್ರೈವಿಗೆ ನಕಲು ಮಾಡಿದೆ.
ನಕಲು, ಪಾಪ, ಇವತ್ತು ಹುಟ್ಟಿದ ಹಾಗೆ ಇವತ್ತಿನ ತಾರೀಕು ತೋರಿಸಿತು.
ಅದೇ ಕರೆಯನ್ನು ಮತ್ತೆ ಕರೆದೆ.
ತಿದ್ದಿದ್ದು: ಜುಲೈ ಒಂಬತ್ತು, ಹನ್ನೊಂದು ನಲವತ್ತು.
ತೆರೆದದ್ದು: ಮಂಗಳವಾರ, ನಾಲ್ಕು ಹತ್ತು.
ಆ ಬನ್ನಿನ ಹೊತ್ತು ಅಲ್ಲೇ ಇರಲಿ.

ಇನ್ನೂರು ರೂಪಾಯಿ ಕೊಟ್ಟರು. ಐವತ್ತು ವಾಪಸ್ಸು ಕೊಟ್ಟೆ.