ಮೊದಲ ಮಣೆ

ಟಿಬಿಲಿಸಿಯಲ್ಲಿ ಆ ಚಳಿಗಾಲ ಕರೆಂಟು ಬೀಗರ ಹಾಗೆ,
ಬರುತ್ತಿತ್ತು, ಕೂರುತ್ತಿರಲಿಲ್ಲ.
ಇಳಿಜಾರು ಬೀದಿಯ ಮುದಿ ಥಿಯೇಟರಿನಲ್ಲಿ
ನಾವು ನಾಲ್ವರು, ಕೋಟು ಕಳಚದೆ,
ಬೂಟಿನೊಳಗೆ ಹಳೇ ಪೇಪರು ತುರುಕಿಕೊಂಡು
ಗುರುವಾರ ಗುರುವಾರ.

ನೋಟುಬುಕ್ಕು ನನ್ನ ಪಾಲಿಗೆ ಬಂತು.
ತಮ್ಮನ ಲೆಕ್ಕದ್ದು, ಚೌಕಳಿ ಹಾಳೆ. ಅವನ ಶಾಲೆ ಮುಚ್ಚಿತ್ತು.
ಅದರಲ್ಲಿ ಹತ್ತು ಮಂದಿ ನಿರ್ದೇಶಕರು,
ಎಲ್ಲರಿಗೂ ನಾವೇ ಇಟ್ಟ ಅಡ್ಡಹೆಸರು:
ಕುದುರೆಯವನು, ಮಂಜಿನವನು,
ಬಾಗಿಲು ತೆರೆಯಲಿಕ್ಕೇ ಒಂದು ರೀಲು ತಿನ್ನುವ ಮುದುಕ,
ಅತ್ತೆ ಸೊಸೆಯನ್ನು ಎದುರುಬದುರು ಕೂರಿಸಿ
ಎರಡು ಗಂಟೆ ಬರೀ ಸೂಪು ಕುಡಿಸುವವಳು.
ಯಾರಿಗೆ ಮೊದಲ ಮಣೆ,
ಯಾರಿಗೆ ಎರಡನೇ ಪಂಕ್ತಿ,
ಯಾರು ಬಾಗಿಲಲ್ಲೇ ನಿಂತಿರಲಿ?

ನುಗ್ಜಾರ್ ಸೇತುವೆ ಇಂಜಿನಿಯರು, ಅಂಕ ಹಾಕುತ್ತಿದ್ದ:
ಬೆಳಕಿಗೆ ಇಷ್ಟು, ಮೌನಕ್ಕೆ ಇಷ್ಟು,
ಚಿತ್ರದಲ್ಲಿ ನಾಯಿಯಿದ್ದರೆ ಅರ್ಧ ಹೆಚ್ಚು.
ಝೈರಾ ಹೆರಿಗೆ ಆಸ್ಪತ್ರೆಯ ರಾತ್ರಿ ಪಾಳಿಯವಳು.
ಹೆರಿಗೆಯನ್ನು ಸುಳ್ಳು ಸುಳ್ಳೇ ತೆಗೆದವರೆಂದು
ಒಂದೇ ಸಂಜೆ ಮೂವರನ್ನು ಪಂಕ್ತಿಯಿಂದ ಎಬ್ಬಿಸಿದಳು.
ವಾಝಾ ಮಾತ್ರ ಜಗಳಕ್ಕಿಲ್ಲ.
ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿರುತ್ತಿದ್ದ, ಟಕ್, ಟಕ್,
ಅವನ ಸಿಪ್ಪೆಗೆ ಕಸ ಗುಡಿಸುವ ಲಮಾರಾಳ ಶಾಪ ಬೇರೆ.

ಆ ಗುರುವಾರ ಮಂಜಿನವನ ಚಿತ್ರ.
ಗೋಡೆ ಗಡಿಯಾರ ಅಪ್ಪಿ ಹಿಡಿದ ಹೆಂಗಸೊಬ್ಬಳು
ಹೆಪ್ಪುಗಟ್ಟಿದ ಹೊಳೆಯ ಮೇಲೆ ನಡೆಯುತ್ತಾಳೆ,
ನಡೆಯುತ್ತಾಳೆ, ನಟ್ಟ ನಡುವೆ ನಿಲ್ಲುತ್ತಾಳೆ,
ತಿರುಗಿ ನಮ್ಮ ಕಡೆಗೆ

ಕರೆಂಟು ಹೋಯಿತು.

ಕಾದೆವು. ಉಸಿರು ಹೊಗೆಯಾಗುವುದು ಕೂಡ ಕಾಣದಷ್ಟು ಕತ್ತಲೆ.
ಮೇಲಿನ ಕಿಂಡಿಯಲ್ಲಿ ಮೇಣದ ಬತ್ತಿಯೊಂದು
ಇಲ್ಲವೆಂದು ಅತ್ತಿತ್ತ ಆಡಿತು.
ನುಗ್ಜಾರನೇ ಮುಂದುವರಿಸಿದ: ಆ ದಪ್ಪದ ಮಂಜು
ಗಡಿಯಾರದ ತೂಕಕ್ಕೆಲ್ಲ ಒಡೆಯುವುದಿಲ್ಲ, ದಾಟುತ್ತಾಳೆ.
ಬಸುರಿ ಅವಳು, ನಡಿಗೆ ನೋಡಲಿಲ್ಲವೇ, ಎಂದಳು ಝೈರಾ.
ಆಚೆ ದಡದಲ್ಲಿ ಯಾರೂ ಇಲ್ಲ, ಅಂದೆ ನಾನು.
ಬಹಳ ಹೊತ್ತಾದ ಮೇಲೆ ವಾಝಾ:
"ಗಡಿಯಾರ ನಿಂತುಹೋಯಿತು.
ಅದಕ್ಕೇ ತಿರುಗಿದಳು."

ಮಂಜಿನವನಿಗೆ ಮೊದಲ ಮಣೆ.
ಆ ನೋಟುಬುಕ್ಕಿನಲ್ಲಿ ಜಗಳವಿಲ್ಲದೆ ಬರೆದದ್ದು
ಅದೊಂದೇ ಸಾಲು.
ಮರುದಿನ ಲಮಾರಾ ಕೇಳಿದಳಂತೆ,
ನಿನ್ನೆ ಆ ಬೀಜದ ಹುಡುಗ ಬಂದಿರಲಿಲ್ಲವೇ?
ಕುರ್ಚಿಯ ಕೆಳಗೆ ಸಿಪ್ಪೆಯೇ ಇಲ್ಲ.

ಹನ್ನೊಂದು ವರ್ಷಕ್ಕೆ ಕರೆಂಟು ನೆಲೆ ನಿಂತಿತು.
ಥಿಯೇಟರಿಗೆ ಹೊಸ ಕುರ್ಚಿ, ಚಿತ್ರಕ್ಕೆ ಹೊಸ ಪ್ರತಿ.
ಹೆಂಗಸು ನಿಂತಳು, ತಿರುಗಿದಳು,
ಹಾಗೇ ನಡೆದು ದಡ ಸೇರಿದಳು.
ಅಲ್ಲೊಬ್ಬ ಲೆಫ್ಟಿನೆಂಟು. ಮುತ್ತು. ಬ್ಯಾಂಡು.
ದೀಪ ಹತ್ತುವ ಮೊದಲೇ ನುಗ್ಜಾರ್ ಪೆನ್ನು ಕೇಳಿದ:
ಎಂಟಕ್ಕೆ ಇಳಿಸು.
ಹತ್ತಕ್ಕೆ, ಅದೂ ಕನಿಕರಕ್ಕೆ, ಅಂದಳು ಝೈರಾ.
ಎಷ್ಟು ವರ್ಷ ಮೊದಲ ಮಣೆಯ ಮೇಲೆ
ಯಾರನ್ನು ಕೂರಿಸಿದ್ದೆವು ಎಂಬುದನ್ನು
ಮೂವರೂ ಬಾಯಿ ಬಿಡಲಿಲ್ಲ.

ವಾಝಾ ಈಗ ಥೆಸಲೊನಿಕಿಯ ಬೇಕರಿಯೊಂದರಲ್ಲಿ
ರಾತ್ರಿಯೆಲ್ಲ ಹಿಟ್ಟು ನಾದುತ್ತಾನೆ.
ಫೋನಿನಲ್ಲಿ ಎಲ್ಲ ಹೇಳಿದೆ, ಲೆಫ್ಟಿನೆಂಟು, ಬ್ಯಾಂಡು.
ಸುಮ್ಮನಿದ್ದ. ದುಡ್ಡು ಉರುಳುತ್ತಿತ್ತು.
ಹಿಂದೆ ಯಾರೋ ತಟ್ಟೆಗಳನ್ನು ಒಲೆಗೆ ನೂಕುವ ಸದ್ದು.

"ಗಡಿಯಾರ?"

ಅಂದರೆ?

"ದಡ ಸೇರಿದಾಗ ಕೈಯಲ್ಲಿತ್ತೇ?"

ನೆನಪಾಗಲಿಲ್ಲ. ನುಗ್ಜಾರನಿಗೂ ಇಲ್ಲ.
ಲೆಫ್ಟಿನೆಂಟನನ್ನು ಎರಡೂ ಕೈಯಲ್ಲಿ ತಬ್ಬಿದಳು, ಅದು ಗೊತ್ತು,
ಎಂದ ಝೈರಾ ಅಷ್ಟಕ್ಕೇ ತಡೆದಳು.

ಗುರುವಾರ ಇನ್ನೊಂದು ಆಟವಿದೆ.
ಎಂಟೂ ಬರೆದಿಲ್ಲ, ಹತ್ತೂ ಬರೆದಿಲ್ಲ.
ಪೆನ್ನು ನುಗ್ಜಾರನಿಗೆ ವಾಪಸು ಕೊಟ್ಟು
ಪೆನ್ಸಿಲು ಕೊಂಡುಕೊಂಡೆ.