ಓದಿಸಿಕೊಂಡವನು

ಈ ವಿಶ್ವವಿದ್ಯಾಲಯದಲ್ಲಿ ನಾನು ಒಂದಕ್ಷರ ಓದಿದವನಲ್ಲ.
ಅದೇ ನನ್ನನ್ನು ಓದಿದೆ, ಮೂವತ್ತು ವರ್ಷ,
ಸಾಲಿನ ಕೆಳಗೆ ಬೆರಳಿಟ್ಟು.

ಮೊದಲು ಬಾಯಿ.
ಗುರುವಾರ ಎರಡು ಗಂಟೆಗೆ ಹಲ್ಲಿನ ವಿಭಾಗದ ಉದ್ದ ಕೋಣೆ,
ಹನ್ನೆರಡು ಕುರ್ಚಿ, ಹನ್ನೆರಡು ಎಳೆಯ ಮುಖ,
ಕೈಗವಸಿನೊಳಗೆ ನಡುಗುವ ಬೆರಳು.
"ನೋವಾದರೆ ಎಡಗೈ ಎತ್ತಿ, ಮಿಸ್ಯೊ ಪೆಲ್ತಿಯೆ."
ಎತ್ತುವುದಿಲ್ಲ ನಾನು.
ಪರೀಕ್ಷೆ ಅವಳದು, ದವಡೆ ಮಾತ್ರ ನನ್ನದು.
ಹಿಂದೆ ನಿಂತ ಮೇಷ್ಟರು ಟಾರ್ಚು ಬಿಟ್ಟು
"ಇಂಥ ಹಲ್ಲು ಪುಸ್ತಕದಲ್ಲಿ ಸಿಗುವುದಿಲ್ಲ" ಎಂದಾಗ
ಸುಳ್ಳೇಕೆ, ಸ್ವಲ್ಪ ಹೆಮ್ಮೆ.

ಆಮೇಲೆ ಬಾವಿ.
ಸೀಸೆಯಲ್ಲಿ ನೀರು ತುಂಬಿ ಕೊಟ್ಟೆ,
ಹದಿನೈದು ದಿನಕ್ಕೆ ಹಾಳೆ ಬಂತು: ಆರ್ಸೆನಿಕ್, ಇಷ್ಟು.
ನಮ್ಮಪ್ಪ ಕುಡಿದದ್ದು, ಅವರಪ್ಪ ಕುಡಿದದ್ದು,
ಕಲ್ಲಿನ ರುಚಿಯೆಂದು ಹೊಗಳಿ ಹೊಗಳಿ.
ರಸಾಯನಶಾಸ್ತ್ರದ ಹುಡುಗ, ಲೂಸಿಯನ್ ಮಿಶೋನ ಮೊಮ್ಮಗ,
ಬೂಟು ಬಾಗಿಲಲ್ಲಿ ಬಿಟ್ಟು ಒಳಬಂದು
ಸೋಸುವ ಡಬ್ಬಿ ತಾನೇ ಜೋಡಿಸಿಕೊಟ್ಟ.

ಮಾರ್ಚ್‌ನಲ್ಲಿ ತೆರಿಗೆ.
ಅಗ್ನಿಶಾಮಕ ಠಾಣೆಯ ಹಿಂಕೋಣೆಯಲ್ಲಿ ಮೇಜು ಹಾಕಿ
ಲೆಕ್ಕಶಾಸ್ತ್ರದ ಎರಡನೇ ವರ್ಷದವರು
ಬೂಟಿನ ಡಬ್ಬದಲ್ಲಿ ಒಯ್ದ ನನ್ನ ರಸೀದಿಗಳನ್ನು
ಜಪಸರದ ಹಾಗೆ ಒಂದೊಂದಾಗಿ ಸರಿಸಿದರು.
ಸರ್ಕಾರವೇ ನನಗೆ ನಲವತ್ತೊಂದು ಡಾಲರ್ ಬಾಕಿಯಂತೆ!

ಹಿಮಗಡ್ಡೆ ಒಡೆದು ನದಿ ಊರಿಗೆ ಬಂದ ವರ್ಷ
ವ್ಯಾಯಾಮಶಾಲೆಯ ನೆಲದಲ್ಲಿ ಮಲಗಿದೆವು ಮುನ್ನೂರು ಜನ.
ಬ್ಯಾಸ್ಕೆಟ್‌ಬಾಲಿನ ಬಿಳಿಗೆರೆಯ ಆಚೆ ನಾನು,
ಈಚೆ ನನ್ನ ತಮ್ಮ ಅದೆಲಾರ್.
ಆಲೂಗಡ್ಡೆ ಹೊಲದ ಬೇಲಿಗಾಗಿ
ಮಾತು ಬಿಟ್ಟು ಇಪ್ಪತ್ತು ವರ್ಷ.
ಬೆಳಗ್ಗೆ ಎದ್ದರೆ ಅವನ ಕಂಬಳಿ ನನ್ನ ಮೇಲಿತ್ತು.
ಮಾತು? ಇಲ್ಲ, ಆಗಲೂ ಇಲ್ಲ.

ಕಡೆಗೆ ನಾಲಿಗೆ.
ಗ್ರಂಥಾಲಯದ ಮಾಳಿಗೆಯಲ್ಲಿ ಮದಾಮ್ ದೇಗ್ಲ್
ಮೈಕಿನ ಕತ್ತು ನನ್ನ ಕಡೆ ಬಾಗಿಸಿ ಕೇಳಿದರು:
"ಗೆಡ್ಡೆ ಆಯುವ ಬುಟ್ಟಿಗೆ ಏನೆನ್ನುತ್ತಿದ್ದಿರಿ?
ಮೊದಲ ಹಿಮಕ್ಕೆ? ಕೊನೆಯ ಹಿಮಕ್ಕೆ?"
ಏಳನೇ ವಯಸ್ಸಿನಲ್ಲಿ ಇವೇ ಶಬ್ದಗಳಿಗೆ
ಮಿಸ್ ಹಾರ್ಟ್‌ವೆಲ್ ನೂರು ಸಲ ಬರೆಸಿದ್ದಳು,
ಶಾಲೆಯಲ್ಲಿ ನಾನು ಫ್ರೆಂಚ್ ಆಡುವುದಿಲ್ಲ.
ಆ ನೂರು ಸಾಲೂ ಇಂಗ್ಲಿಷಿನಲ್ಲಿ.
ಈಗ ಅದೇ ನಾಲಿಗೆಗೆ ನೀರಿನ ಲೋಟ,
ಗಂಟೆಗೆ ಹತ್ತು ಡಾಲರ್,
ಪೆಟ್ಟಿಗೆಯ ಮೇಲೆ ನನ್ನ ಹೆಸರು.

ಹೋದ ವಾರ ರಾಜಧಾನಿಯಿಂದ ಬಂದರು,
ಐದು ಗಂಟೆ ದಾರಿ, ತೆಳು ಚಪ್ಪಡಿ ಬೂಟು, ಒದ್ದೆ ಕಾಲುಚೀಲ.
ಗೋಡೆಯ ಮೇಲೆ ಅಂಕಿ ಬೆಳಗಿಸಿದರು:
ವಿದ್ಯಾರ್ಥಿಗಳು ಇಷ್ಟು, ತಲೆಗೆ ಖರ್ಚು ಇಷ್ಟು,
ಫ್ರೆಂಚ್ ವಿಭಾಗದ ಎದುರು ಕೆಂಪು ಗೆರೆ,
ಹಲ್ಲಿನ ಕೋಣೆಯ ಎದುರು ಪ್ರಶ್ನಾರ್ಥಕ.
ಹುಡುಕಿದೆ. ಆ ತಲೆಗಳಲ್ಲಿ
ನನ್ನ ತಲೆ ಎಲ್ಲೂ ಇರಲಿಲ್ಲ.

ನನ್ನ ಸರದಿ, ಮೂರು ನಿಮಿಷ.
ಇಂಗ್ಲಿಷಿನಲ್ಲೇ ಬರೆದಿಟ್ಟಿದ್ದೆ, ಮಗಳು ತಿದ್ದಿದ್ದಳು.
ಬಾಯಿ ತೆರೆದೆ. ಬಂದದ್ದು ಬೇರೆ,
ಅಮ್ಮ ಒಲೆಯ ಮುಂದೆ ಬೈಯುತ್ತಿದ್ದ ಭಾಷೆ.
ಟಿಪ್ಪಣಿ ಬರೆಯುವ ಹೆಂಗಸಿನ ಕೈ ನಿಂತಿತು.
ಅಧ್ಯಕ್ಷರು ಗಡಿಯಾರ ನೋಡಿದರು.
ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿ
ಎದ್ದವನು ಅದೆಲಾರ್,
ಟೋಪಿ ಕೈಯಲ್ಲಿ ಹಿಡಿದು, ಗೋಡೆ ನೋಡುತ್ತ,
ನಾನು ಹೇಳಿದ್ದನ್ನೆಲ್ಲ ಸಾಲುಸಾಲಾಗಿ
ಅವರ ಮಾತಿಗೆ ತಿರುಗಿಸಿದ:
ಹಲ್ಲು, ಬಾವಿ, ರಸೀದಿ, ಕಂಬಳಿ.
ಕಂಬಳಿ ಹಸಿರು ಎಂದ ಅವನು, ನಾನು ನೀಲಿ ಎಂದಿದ್ದೆ.
ತಿದ್ದಲಿಲ್ಲ. ಅವನದೇ ಕಂಬಳಿ.

ತೀರ್ಮಾನ ಜೂನ್‌ಗಂತೆ.
ನಾಳೆ ಗುರುವಾರ.
ಹೊಸ ಹುಡುಗಿ, ಮೊದಲ ಬಾಯಿ ನನ್ನದೇ ಎಂದು ಫೋನು ಬಂದಿತ್ತು.
ಬೆಳ್ಳುಳ್ಳಿ ಮುಟ್ಟಿಲ್ಲ ಇವತ್ತು.